ಚಿಕ್ಕಮ್ಮನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಚಿಕ್ಕಮ್ಮ, ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿ ಬಗ್ಗೆ ಬೆಳಿಗ್ಗೆ ಕೇಳಿದ್ದಿರಲ್ಲ, ಕೊಂದವನು ಯಾರು ಅಂತ ಶುರುವಿನಲ್ಲೇ ಗೊತ್ತಾಗಿಬಿಡುತ್ತೆ, ಇನ್ನು ಭಾನುವಾರ ಕೂತು ಏನು ಚರ್ಚೆ ಮಾಡೋದು ಅಂತ. ಉತ್ತರ ಸ್ವಲ್ಪ ಉದ್ದ ಇದೆ, ಒಗ್ಗರಣೆ ಹಾಕುತ್ತಾ ಕೇಳಿ.

ಮೊದಲು ಹೆಸರಿನ ಗೊಂದಲ. ರಸ್ಕೋಲ್ನಿಕೋವ್, ರೋದಿಯೋನ್ ರೊಮಾನೊವಿಚ್, ರೋದ್ಯಾ, ಮೂರೂ ಒಬ್ಬನೇ, ಆ ಕೊಲೆ ಮಾಡಿದ ಬಡ ಹುಡುಗ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ವೆಂಕಟೇಶಮೂರ್ತಿ, ಮನೆಯಲ್ಲಿ ವೆಂಕಿ ಇರುತ್ತಾನಲ್ಲ, ಹಾಗೆ.

ರಷ್ಯಾದ ದಸ್ತಯೇವ್‌ಸ್ಕಿ ಇದನ್ನು 1866ರಲ್ಲಿ ಪತ್ರಿಕೆಗೆ ಕಂತುಕಂತಾಗಿ ಬರೆದ. ಒಟ್ಟು ಆರು ಭಾಗ, ಕೊನೆಗೊಂದು ಉಪಸಂಹಾರ. ಕೊಲೆ ಮೊದಲನೆಯದರಲ್ಲೇ ಮುಗಿಯುತ್ತದೆ. ಮಿಕ್ಕ ಐದು ಭಾಗ ರಸ್ಕೋಲ್ನಿಕೋವ್ ಬಾಯಿಬಿಡೋಕೆ ಪಡುವ ಪಾಡು.

ಚರ್ಚೆಯಲ್ಲಿ ಎಲ್ಲರೂ ಅವನು ಕೊಲ್ಲುವ ಗಿರವಿ ಮುದುಕಿಯನ್ನೇ ಹಿಡಿದುಕೊಳ್ಳುತ್ತಾರೆ. ಬಡ್ಡಿ ತಿನ್ನೋ ಮುದುಕಿ, ಅವಳ ದುಡ್ಡಲ್ಲಿ ನೂರು ಜನಕ್ಕೆ ಒಳ್ಳೇದಾದರೆ ಕೊಂದದ್ದು ತಪ್ಪಾ ಅಂತ. ಕಾಲೇಜಲ್ಲಿದ್ದಾಗ ನಾನೂ ಇದನ್ನೇ ಜೋರಾಗಿ ವಾದಿಸಿದ್ದೆ, ನಾಚಿಕೆಯಾಗುತ್ತದೆ. ಯಾಕೆಂದರೆ ಅವನು ಕದ್ದ ಪರ್ಸನ್ನು ಬಿಚ್ಚಿ ನೋಡುವುದೂ ಇಲ್ಲ. ಒಂದು ಕಲ್ಲಿನ ಕೆಳಗೆ ತುರುಕಿ ಬರುತ್ತಾನೆ. ಅದರಲ್ಲಿ 317 ರೂಬಲ್ ಚಿಲ್ಲರೆ ಇತ್ತು ಅಂತ ಗೊತ್ತಾಗುವುದು ಕೊನೆಯಲ್ಲಿ, ಅಷ್ಟು ಹೊತ್ತಿಗೆ ಮೇಲಿನ ನೋಟುಗಳು ತೇವಕ್ಕೆ ಹಾಳಾಗಿರುತ್ತವೆ. ನೂರು ಜನಕ್ಕೆ ಒಳ್ಳೇದು ಮಾಡುವವನ ಲಕ್ಷಣವಾ ಇದು?

ನಾನು ಹೇಳಬೇಕಿದ್ದದ್ದು ಮುದುಕಿಯ ತಂಗಿ ಲಿಜವೇತಾ ಬಗ್ಗೆ. ಆ ಹೊತ್ತಿಗೆ ಅವಳು ಮನೆಯಲ್ಲಿರುವುದಿಲ್ಲ ಅಂತ ಕಿವಿಯಾರೆ ಕೇಳಿಕೊಂಡೇ ಅವನು ಹೋದದ್ದು. ಆದರೆ ಬಾಗಿಲಿಗೆ ಅಗಳಿ ಹಾಕಲು ಮರೆತ. ಅವಳು ಗಂಟು ಹಿಡಿದುಕೊಂಡು ಒಳಗೆ ಬಂದೇಬಿಟ್ಟಳು. ಕೊಡಲಿ ಎತ್ತಿದಾಗ ಅವಳು ಮುಖಕ್ಕೆ ಕೈ ಅಡ್ಡ ಹಿಡಿಯುವುದೂ ಇಲ್ಲ. ಎಡಗೈ ಒಂಚೂರು ಮುಂದೆ ಚಾಚುತ್ತಾಳೆ, ಆಚೆ ಹೋಗು ಅನ್ನೋ ಹಾಗೆ. ಅಷ್ಟೇ.

ಆಮೇಲೆ ಎರಡನೇ ಭಾಗದಲ್ಲಿ ಮನೆಗೆಲಸದ ನಸ್ತಾಸ್ಯಾ ಮಾತಿನ ಮಧ್ಯೆ ಸುಮ್ನೆ ಹೇಳುತ್ತಾಳೆ, ಲಿಜವೇತಾ ನಿನ್ನ ಅಂಗಿಗೂ ಹೊಲಿಗೆ ಹಾಕಿಕೊಟ್ಟಿದ್ದಳು ಅಂತ. ಇವನು ಗೋಡೆ ಕಡೆ ತಿರುಗಿಕೊಳ್ಳುತ್ತಾನೆ. ಕೊಳಕು ಹಳದಿ ವಾಲ್‌ಪೇಪರಿನ ಮೇಲೆ ಒಂದು ಬಿಳಿ ಹೂವು. ಅದಕ್ಕೆ ಎಷ್ಟು ಎಸಳು ಅಂತ ನೋಡುತ್ತಾ ಮಲಗುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಭಯವಾದದ್ದು ಆ ಹೂವು ನೋಡಿ, ಕೊಡಲಿ ನೋಡಿ ಅಲ್ಲ.

ಮುಂದೆ ಅವನೇ ಅಂದುಕೊಳ್ಳುತ್ತಾನೆ, ಅವಳನ್ನು ಕೊಂದೇ ಇಲ್ಲವೇನೋ ಅನ್ನೋ ಹಾಗೆ ನಾನ್ಯಾಕೆ ಅವಳ ನೆನಪೇ ಮಾಡಿಕೊಳ್ಳುತ್ತಿಲ್ಲ ಅಂತ. ನಾವೂ ಹಾಗೇ ಮರೆತಿರುತ್ತೇವೆ. ಆಮೇಲೆ ಅವನಿಗೆ ಆಸರೆಯಾಗುವ ಬಡ ಹುಡುಗಿ ಸೋನ್ಯಾ, ಸತ್ತು ಬದುಕಿಬಂದ ಲಾಜರಸ್‌ನ ಬೈಬಲ್ ಕಥೆ ಓದುತ್ತಾಳಲ್ಲ, ಆ ಪುಸ್ತಕ ಅವಳಿಗೆ ಕೊಟ್ಟವಳು ಯಾರು ಗೊತ್ತಾ? ಲಿಜವೇತಾ.

ಪತ್ತೇದಾರಿ ಬೇಕು ಅನ್ನುವವರಿಗೆ ಕೊಲೆಯ ತನಿಖೆ ಮಾಡುವ ಪೊರ್ಫಿರಿ ಇದ್ದಾನೆ. ಗಿರವಿ ಇಡೋಕೆ ಮುದುಕಿಯ ಮನೆಗೆ ಹೋದೆಯಲ್ಲ, ಆವತ್ತು ಮೆಟ್ಟಿಲು ಹತ್ತುವಾಗ ಬಣ್ಣ ಹೊಡೆಯುವವರನ್ನು ನೋಡಿದೆಯಾ ಅಂತ ಮೆತ್ತಗೆ ಕೇಳುತ್ತಾನೆ. ಅವರು ಇದ್ದದ್ದು ಕೊಲೆಯ ದಿನ ಮಾತ್ರ! ಹೂಂ ಅಂದಿದ್ದರೆ ಮುಗಿದಿತ್ತು ಕಥೆ.

ಪೂರ್ತಿ ಓದೋಕೆ ಆಗದವರು ಮೊದಲ ಭಾಗದ ಕೊನೇ ಅಧ್ಯಾಯ, ಮೂರನೆಯದರ ಐದು, ನಾಲ್ಕನೆಯದರ ನಾಲ್ಕು ಇಷ್ಟಾದರೂ ಓದಿಕೊಂಡು ಬನ್ನಿ. ಅವನು ಸೈಬೀರಿಯಾದಲ್ಲಿ ಶಿಕ್ಷೆ ಅನುಭವಿಸುವ ಆ ಉಪಸಂಹಾರ ಬೇಕಿತ್ತಾ ಬೇಡವಾ ಅಂತ ನನಗೂ ಮಾವನಿಗೂ ಜಗಳ ಬಾಕಿ ಇದೆ. ಅದನ್ನು ಇಲ್ಲಿ ಶುರು ಮಾಡಬೇಡಿ ಮಾವ, ಭಾನುವಾರ ಕಾಫಿ ಆದಮೇಲೆ.