ನರರೋಗ ಡಾಕ್ಟ್ರಿಗಿ ಕೇಳ್ರಿ: ಎಂ.ಎಸ್. ರಿಪೋರ್ಟು, ಬಿಸಿಲು

ಅಡ್ಮಿನ್ (ಕಲಬುರಗಿ): ಇವತ್ತು ರಾತ್ರಿ 9ರಿಂದ 10ರ ತನಕ ಡಾಕ್ಟ್ರು ಗುಂಪಿನಾಗ ಇರ್ತಾರ. ವಿಷಯ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.), ಮೈ ಕಾಯೋ ಪಡೆನೇ ಮಿದುಳು, ಬೆನ್ನುಹುರಿ ನರದ ಹೊದಿಕಿ ಕೆಡಸೋ ರೋಗ. ಗುಡ್ ನೈಟ್ ಫೋಟೊ ಬ್ಯಾಡ.

ಆಳಂದ ಅಕ್ಕ: ನಮ್ಮ ತಂಗಿಗಿ 28 ವರ್ಷ. ಹೋದ ವರ್ಷ ಬಲಗಣ್ಣು ಹೊಳ್ಳಿಸಿದ್ರ ನೋವು, ಮಬ್ಬು. ಎಂ.ಎಸ್. ಅಂದ್ರು, ಗುಳಗಿ ನಡದದ. ಈಗ ಬಿಸಿಲಾಗ ಬಸ್ ಸ್ಟ್ಯಾಂಡಿಗಿ ನಡದ್ರ ಕಣ್ಣು ಮಂಜು, ಫ್ಯಾನ್ ಕೆಳಗ ಕುಂತ್ರ ಅರ್ಧ ತಾಸಿನಾಗ ಸರಿ. ರಕ್ತದಾಗ ನ್ಯೂರೋಫಿಲಮೆಂಟ್ ಅನ್ನೋ ಟೆಸ್ಟು 'ಹೈ' ಬಂದದ. ನರ ಹೋದ್ವೇನ್ರಿ ಡಾಕ್ಟ್ರೇ?

ಜೇವರ್ಗಿ ತಮ್ಮ: ಬಿ12 ಸೂಜಿ ಹಾಕಿಸ್ರಿ ಅಕ್ಕ. ನಡೀತದಲ್ರಿ ಡಾಕ್ಟ್ರೇ?

ಡಾಕ್ಟರ್: ಬಿ12 ಕಡಿಮಿ ಇದ್ರ ಮಾತ್ರ. ಅದು ಕಡಿಮಿಯಾದ್ರೂ ಬೆನ್ನುಹುರಿ ಕೆಡ್ತದ, ಅದಕ್ಕ ಮೊದ್ಲೇ ಅಳೀತೀವಿ.

ಡಾಕ್ಟರ್: ಅಕ್ಕನೋರೇ, ಬಿಸಿಲಿನ ಮಂಜಿಗಿ ಉಹ್ಟಾಫ್ ಅಂತ ಹೆಸರದ. ನರದ ಮ್ಯಾಲಿನ ಮೈಲಿನ್ ಅನ್ನೋ ಹೊದಿಕಿ ಕಳಚಿದ ಜಾಗದಾಗ ಮೈ ಚೂರು ಕಾದ್ರೂ ನರದ ಸಂದೇಶ ದಾಟಂಗಿಲ್ಲ, ಆರಿದ್ರ ದಾಟ್ತದ. ಹೊಸ ಗಾಯ ಅಲ್ಲ. ಹಸಿ ಟಾವೆಲ್, ಛತ್ರಿ ಇಟ್ಕೊಳ್ರಿ, ಹೊರಗಿನ ಕೆಲಸ ಮುಂಜಾನಿ.

ನ್ಯೂರೋಫಿಲಮೆಂಟ್ ಬ್ಯಾರೆ ಮಾತು. ಅದು ನರದೆಳಿ ಒಳಗಿನ ಪ್ರೋಟೀನಿನ ಹುರಿ. ಹೊದಿಕಿ ಹೋದ ಎಳಿಯೊಳಗ ಸೋಡಿಯಂ ಜಾಸ್ತಿ ನುಗ್ತದ, ಹೊರಗ ಹಾಕಲಿಕ್ಕ ಎಟಿಪಿ ಅನ್ನೋ ಶಕ್ತಿ ಬೇಕು. ಅದನ್ನ ಮಾಡೋ ಮೈಟೊಕಾಂಡ್ರಿಯಾ ಸೋತ್ರ ಸೋಡಿಯಂ ಒಳಗೇ ಉಳದು ಕ್ಯಾಲ್ಸಿಯಂ ಸೇರ್ತದ, ಅದರಿಂದ ಎದ್ದ ಕಿಣ್ವಗಳು ಆ ಹುರೀನ ಕತ್ತರಸ್ತಾವ. ತುಣುಕು ಬೆನ್ನುಹುರಿ ನೀರಿಗಿ ಸೋರಿ, ಚೂರು ರಕ್ತಕ್ಕ ಬರ್ತದ, ಪಿಕೊಗ್ರಾಂ ಲೆಕ್ಕದಾಗ. ಹರದದ ಅಂತ ಹೇಳ್ತದ, ಯಾಕ ಹರೀತು ಅಂತ ಹೇಳಂಗಿಲ್ಲ. ಸಕ್ಕರಿ ಕಾಯಿಲಿ, ಕಿಡ್ನಿ, ಲಕ್ವಾ, ವಯಸ್ಸು, ಎಲ್ಲಾದಕ್ಕೂ ಏರ್ತದ.

ಒಂದು ಹೇಳ್ರಿ: ದಿನಗಟ್ಲೆ ಬಿಕ್ಕಳಕಿ, ವಾಂತಿ ಆಗಿತ್ತಾ?

ಬೀದರ್ ಕಾಕಾ: (ಫಾರ್ವರ್ಡ್) ಸತ್ತ ನರಕ್ಕ 7 ದಿನದಾಗ ಜೀವ! ಅರಿಶಿಣ, ಔಡಲ ಎಣ್ಣಿ, ದಿನಾ ಒಂದು ವಿಟಮಿನ್ ಡಿ3 ಪಾಕೀಟು. ಎಲ್ಲರಿಗೂ ಕಳಸ್ರಿ.

ಡಾಕ್ಟರ್: 60,000 ಯೂನಿಟ್ ಪಾಕೀಟು ವಾರಕ್ಕೊಂದು, ಅದೂ ಡಾಕ್ಟ್ರು ಬರದ್ರ. ದಿನಾ ತಿಂದ್ರ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡ್ತದ. ಅಳಸ್ರಿ.

ಬೀದರ್ ಕಾಕಾ: ನಮ್ಮ ಹಿರೇರು ಎಂ.ಆರ್.ಐ. ಮಾಡಿಸಿದ್ರೇನು?

ಶಹಾಬಾದ್ ಮಾಸ್ತರ್: ಹಿರೇರು ಡಿ3 ಪಾಕೀಟೂ ತಿಂದಿಲ್ಲ ಕಾಕಾ.

ಬೀದರ್ ಕಾಕಾ: ನಿನಗ ಕೇಳಿಲ್ಲಪ. ಮಾಸ್ತರ್‌ಕಿ ಸಾಲ್ಯಾಗ ಮಾಡು.

ಸೇಡಂ ಅವ್ವ: ಇದು ಮಕ್ಕಳಿಗೂ ಬರ್ತದೇನ್ರಿ?

ಯಾದಗಿರಿ ವಿದ್ಯಾರ್ಥಿ: ಸರ್, ಕೈನುರೆನಿನ್ ಮಾರ್ಗ ಓದಿದೆ, ಬ್ಯಾಳಿಯಂಥ ಊಟದಾಗಿನ ಟ್ರಿಪ್ಟೊಫಾನ್ (ಪ್ರೋಟೀನಿನ ಅಂಶ) ಮೈಯಾಗ ಒಡೆಯೋ ದಾರಿ. ಟ್ರಿಪ್ಟೊಫಾನ್ ಇರೋ ಊಟ ಬಿಟ್ರ ಛಲೋನಾ?

ಡಾಕ್ಟರ್: ಅದೇ ದಾರಿಯಾಗ ನರಕ್ಕ ವಿಷವಾದ ಕ್ವಿನೊಲಿನಿಕ್ ಆಮ್ಲನೂ ಹುಟ್ತದ, ಕಾಪಾಡೋ ಕೈನುರೆನಿಕ್ ಆಮ್ಲನೂ ಹುಟ್ತದ. ತೊಗರಿ ಬ್ಯಾಳಿ ಬಿಡಬ್ಯಾಡ.

ಜೇವರ್ಗಿ ತಮ್ಮ: ಬಿ12 ಎಷ್ಟು ಸೂಜಿ ಸರ್?

ಡಾಕ್ಟರ್: ಮ್ಯಾಲ ಓದು.

ಆಳಂದ ಅಕ್ಕ: ಬಿಕ್ಕಳಕಿ ಆಗಿತ್ರಿ! ಸಂಕ್ರಾಂತಿ ಮುಂದ ಎಂಟು ದಿನ. ಅಸಿಡಿಟಿ ಅಂದ್ರು. ಆಮ್ಯಾಲ ಎರಡೂ ಕಾಲು ಜೋಮು.

ಡಾಕ್ಟರ್: ಇದು ಎಂ.ಎಸ್. ಅಲ್ಲ, ಎನ್.ಎಂ.ಓ. (ನ್ಯೂರೋಮೈಲೈಟಿಸ್ ಆಪ್ಟಿಕಾ, ಕಣ್ಣಿನ ನರ, ಬೆನ್ನುಹುರಿಗಿ ಹತ್ತೋ ಬ್ಯಾರೆ ರೋಗ) ಇರಬಹುದು. ಮಿದುಳಿನ ಬುಡದಾಗ ವಾಂತಿ ಕೇಂದ್ರಕ್ಕ ಪೆಟ್ಟಾದ್ರ ಹಿಂಗ ಬಿಕ್ಕಳಕಿ ನಿಲ್ಲಂಗಿಲ್ಲ. ಅಕ್ವಾಪೊರಿನ್-4 ಪ್ರತಿಕಾಯ, ಜೊತಿಗಿ ಮಾಗ್ (MOG) ಪ್ರತಿಕಾಯ, ಅಂದ್ರ ಮೈಯದೇ ಪ್ರೋಟೀನಿನ ಮ್ಯಾಲ ಬೀಳೋವು, ಎರಡೂ ರಕ್ತದಾಗೇ ನೋಡ್ತಾರ. ಇಂಟರ್‌ಫೆರಾನ್, ಫಿಂಗೊಲಿಮಾಡ್‌ನಂಥ ಎಂ.ಎಸ್. ಔಷಧಿ ಎನ್.ಎಂ.ಓ. ಕೆರಳಸ್ತಾವ. ಯಾವ ಗುಳಗಿ?

ಬೀದರ್ ಕಾಕಾ: ನೋಡ್ರಿ, ಔಷಧೀನೇ ರೋಗ ಅಂತ ಅವರೇ ಒಪ್ಪಿದ್ರು!

ಡಾಕ್ಟರ್: ಕಾಕಾ, ಸುಮ್ಮ ಕೂಡ್ರಿ.

ಆಳಂದ ಅಕ್ಕ: ಡಬ್ಬಿ ಮ್ಯಾಲ ಫಿಂಗೊಲಿಮಾಡ್ ಅಂತ ಅದ.

ಡಾಕ್ಟರ್: ನಿಮಗ ನೀವೇ ನಿಲ್ಲಸಬ್ಯಾಡ್ರಿ. ನಾಳಿ ಮುಂಜಾನಿನೇ ಅವರ ಡಾಕ್ಟ್ರಿಗಿ ಬಿಕ್ಕಳಕಿ, ಕಾಲಿನ ಜೋಮು ಎರಡೂ ಹೇಳ್ರಿ. ಎಂ.ಆರ್.ಐ. ಫಿಲ್ಮ್ ನನಗ ಬ್ಯಾರೆ ಕಳಸ್ರಿ, ಈಗಲೇ.

ಸೇಡಂ ಅವ್ವ: ನಂದು ಯಾರೂ ಹೇಳಲಿಲ್ರಿ.