ಕಾಲುವೆಯ ‘ಲಾಕ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ. ಇಂಗ್ಲೆಂಡಿನ ಕಾಲುವೆಗಳ ಮೇಲಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಲ್ಟ್‌ಶೈರಿನ ಡಿವೈಜಸ್ ಊರಿನ ಪಕ್ಕದ ಕೇನ್ ಹಿಲ್‌ವರೆಗೆ ಕೆಲಸ ಸರಾಗವಾಗಿ ಸಾಗಿತ್ತು. ಕೆನೆಟ್ ಮತ್ತು ಏವನ್ ಕಾಲುವೆ ಅಲ್ಲಿ ಗುಡ್ಡ ಹತ್ತುತ್ತದೆ. ದೋಣಿಯನ್ನು ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್‌ಗಳು ಎರಡು ಮೈಲಿಯೊಳಗೆ 29, ಒಟ್ಟು ಏರಿಕೆ 237 ಅಡಿ. ಜಾನ್ ರೆನ್ನಿ ಎಂಬ ಎಂಜಿನಿಯರನ ವಿನ್ಯಾಸ. 1810ರಲ್ಲಿ ಮುಗಿದ ಕೆಲಸ. ಈ ‘ಲಾಕ್’ ಎಂಬುದಕ್ಕೆ ‘ಬೀಗ’ ಎಂದು ಬರೆದರೆ ಓದುಗರು ಬೀಗದ ಕೈ ಹುಡುಕಿಯಾರು. ‘ಜಲಬಂಧ’ ಎಂದರೆ ಅಣೆಕಟ್ಟು ಎಂದುಕೊಳ್ಳುತ್ತಾರೆ.

ವಸ್ತುವನ್ನು ಕಾಣದವರಿಗಾಗಿ ಹೇಳುತ್ತೇನೆ. ಕಾಲುವೆಯ ಕೆಳಮಟ್ಟಕ್ಕೂ ಮೇಲ್ಮಟ್ಟಕ್ಕೂ ನಡುವೆ ಇಟ್ಟಿಗೆಯಲ್ಲೋ ಕಲ್ಲಿನಲ್ಲೋ ಕಟ್ಟಿದ ಉದ್ದನೆಯ ತೊಟ್ಟಿ. ಅದರ ಎರಡೂ ತುದಿಗೆ ಬಾಗಿಲು. ದೋಣಿ ಕೆಳಗಿನಿಂದ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತುತ್ತಾರೆ. ನೀರು ತುಂಬುತ್ತ ಹೋದಂತೆ ದೋಣಿಯೂ ಏರುತ್ತದೆ. ಒಳಗಿನ ನೀರೂ ಹೊರಗಿನ ನೀರೂ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ, ಅದಕ್ಕೆ ಮೊದಲು ಎಷ್ಟು ತಳ್ಳಿದರೂ ಅಲುಗದು. ಜೋಡಿ ಕದಗಳು ಮೇಲ್ಗಡೆಯ ನೀರಿಗೆ ಮೂತಿಯೊಡ್ಡಿ ಕೋನವಾಗಿ ಕೂಡುವುದರಿಂದ ನೀರಿನ ಒತ್ತಡವೇ ಅವನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಕದದ ತಲೆಯಿಂದ ದಂಡೆಯ ಮೇಲಕ್ಕೆ ಚಾಚಿಕೊಂಡ ದಪ್ಪ ತೊಲೆಗೆ ಬೆನ್ನು ಕೊಟ್ಟು, ಕಾಲೂರಿ, ಹಿಮ್ಮುಖವಾಗಿ ತಳ್ಳಿ ಅದನ್ನು ತೆರೆಯುತ್ತಾರೆ. ಕೇನ್ ಹಿಲ್ ಸಾಲನ್ನು ಹೀಗೆ ದಾಟಿ ಮುಗಿಸುವುದಕ್ಕೆ ಹೆಚ್ಚುಕಡಿಮೆ ಒಂದು ಹಗಲು ಬೇಕು.

ಸೋಜಿಗವೆಂದರೆ, ಮುಖ್ಯ ಪದಕ್ಕೆ ತಡಕಾಡುವ ನಮಗೆ ಬಿಡಿಭಾಗಗಳ ಪದಗಳು ಕೈಗೆಟುಕುವಲ್ಲೇ ಇವೆ. ನೀರು ಬಿಡುವ ಕಿಂಡಿಯ ಹಲಗೆಯನ್ನು ಅಲ್ಲಿಯವರು ‘ಪ್ಯಾಡಲ್’ ಎನ್ನುತ್ತಾರೆ. ಇದನ್ನು ‘ಹುಟ್ಟು’ ಎಂದು ಅನುವಾದಿಸಿದ್ದನ್ನು ನೋಡಿ ನಕ್ಕಿದ್ದೇನೆ. ಕೆರೆ ಕಂಡವರಿಗೆ ಅದು ತೂಬಲ್ಲದೆ ಮತ್ತೇನು? ಎರಡು ಲಾಕ್‌ಗಳ ನಡುವಿನ ಸಮಮಟ್ಟದ ನೀರಿಗೆ ‘ಪೌಂಡ್’ ಎಂದು ಹೆಸರು, ಕಟ್ಟಿ ನಿಲ್ಲಿಸಿದ ನೀರು ಎಂಬರ್ಥದಲ್ಲಿ. ಹಣಕ್ಕೂ ತೂಕಕ್ಕೂ ಸಂಬಂಧವಿಲ್ಲ. ‘ಮಡು’ ಎನ್ನಬಹುದೇ? ಮಡು ಎಂದರೆ ತಾನಾಗಿ ಆದ ಆಳ ಎಂಬ ಭಾವನೆ ಬರುವುದರಿಂದ ಹಿಂಜರಿಕೆ.

ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದದ್ದು ‘ಸಿಲ್’. ಮೇಲ್ಬಾಗಿಲಿನ ಬುಡದಲ್ಲಿ ತೊಟ್ಟಿಯೊಳಕ್ಕೆ ಚಾಚಿಕೊಂಡ ಕಟ್ಟೆ ಅದು, ಸಾಕ್ಷಾತ್ ಹೊಸ್ತಿಲು. ತೊಟ್ಟಿ ತುಂಬಿದಾಗ ನೀರಿನಡಿ ಅಡಗಿರುತ್ತದೆ. ಇಳಿಯುವ ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ಇಳಿದಂತೆ ಹಿಂಭಾಗ ಅಲ್ಲೇ ಸಿಕ್ಕಿಕೊಂಡು ಮೂತಿ ಕೆಳಕ್ಕೆ ವಾಲುತ್ತದೆ. ತೂಬು ಇಳಿಸದಿದ್ದರೆ ದೋಣಿ ಮುಳುಗಿಯೇ ಹೋಗಬಹುದು. ಅದಕ್ಕೆಂದೇ ಗೋಡೆಯ ಅಂಚಿನಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ‘ಹೊಸ್ತಿಲ ಗೆರೆ ದಾಟಿ ಮುಂದೆ ನಿಲ್ಲಿಸಿ’ ಎಂದು ಬರೆದರೆ ಕನ್ನಡದ ಓದುಗನಿಗೆ ಅಡಿಟಿಪ್ಪಣಿಯೇ ಬೇಡ.

‘ಮೆಟ್ಟಿಲು’ ಎಂಬ ಸಲಹೆ ಬಂದರೆ ಒಂದು ಎಚ್ಚರಿಕೆ. ಯಾರ್ಕ್‌ಶೈರಿನ ಬಿಂಗ್ಲೆಯಲ್ಲಿ 1774ರಲ್ಲಿ ತೆರೆದ ಐದು ಲಾಕ್‌ಗಳಿವೆ. ಅಲ್ಲಿ ಕೆಳಗಿನ ತೊಟ್ಟಿಯ ಮೇಲ್ಬಾಗಿಲೇ ಮೇಲಿನದರ ಕೆಳಬಾಗಿಲು. ಮೆಟ್ಟಿಲು ಎಂಬ ಹೆಸರನ್ನು ಇಂಗ್ಲಿಷಿನವರು ಅಂಥವಕ್ಕೆ ಮೀಸಲಿಟ್ಟಿದ್ದಾರೆ. ಕೇನ್ ಹಿಲ್‌ನಲ್ಲಿ ಪ್ರತಿ ಲಾಕ್ ಬೇರೆ ಬೇರೆ. ಕಡಿದಾದ ಭಾಗದಲ್ಲಿ ಒತ್ತೊತ್ತಾಗಿರುವ 16ಕ್ಕೆ ನಡುವೆ ನೀರು ಸಾಲದೆಂದು ಪಕ್ಕದಲ್ಲಿ ಕೊಳಗಳನ್ನೇ ತೋಡಿದ್ದಾರೆ. ಆದ್ದರಿಂದ ಅದಕ್ಕೆ ‘ಸಾಲು’ ಎಂದಷ್ಟೇ ಸಾಕು. ‘ದೋಣಿತೊಟ್ಟಿ’ ಎಂದೂ ಯೋಚಿಸಿದೆ. ಆದರೆ ನಮ್ಮಲ್ಲಿ ನೀರು ಹರಿಯುವ ನಾಳಕ್ಕೂ ದೋಣಿ ಎನ್ನುವುದುಂಟು, ಗೊಂದಲವಾದೀತು.

ನನ್ನ ಒಲವು ‘ಲಾಕು’ ಎಂದೇ ಉಳಿಸಿಕೊಳ್ಳುವ ಕಡೆಗೆ. ಗೋದಾವರಿ, ಕೃಷ್ಣಾ ನದೀಮುಖಜ ಭೂಮಿಯ ತೆಲುಗರು ಹಡಗುಗಾಲುವೆಗಳ ಕಾಲದಿಂದ ‘ಲಾಕುಲು’ ಎನ್ನುತ್ತ ಬಂದಿದ್ದಾರೆ, ಅದು ಸ್ಥಳನಾಮಗಳಲ್ಲೂ ಕೂತಿದೆ. ಬಳ್ಳಾರಿ, ರಾಯಚೂರು ಕಡೆಯವರು ಯಾರಾದರೂ ಹಿರಿಯರ ಬಾಯಲ್ಲಿ ‘ಲಾಕು’ ಎಂಬುದನ್ನು ಕೇಳಿದ್ದೀರಾ? ಇನ್ನೊಂದು ಪ್ರಶ್ನೆ: ಲಾಕ್ ಕಾಯುವವನನ್ನು ‘ನೀರಗಂಟಿ’ ಎನ್ನಬಹುದೇ? ನೀರಿನ ಮಟ್ಟ ಕಾಯುವುದು, ತೂಬಿನ ಮೇಲ್ವಿಚಾರಣೆ, ಜಗಳ ಬಿಡಿಸುವುದು ಇಬ್ಬರಿಗೂ ಸಮ. ಆದರೆ ಗದ್ದೆಗೆ ನೀರು ಹಂಚುವ ಕೆಲಸವಿಲ್ಲದವನಿಗೆ ಆ ಹೆಸರು ಸಲ್ಲುತ್ತದೆಯೇ? ನೀರಗಂಟಿಗಳಿದ್ದ ಊರಿನವರು ಹೇಳಿದರೆ ಉಪಕಾರ.