'ಲಿಬೆರ್ಟುಸ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪ್ರಾಚೀನ ರೋಮ್‌ನ ಗುಲಾಮರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಒಡೆಯ ಬಿಡುಗಡೆ ಮಾಡಿದ ಗುಲಾಮನಿಗೆ ಲ್ಯಾಟಿನ್‌ನಲ್ಲಿ 'ಲಿಬೆರ್ಟುಸ್' ಅನ್ನುತ್ತಿದ್ದರು. ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಲ್ಯಾಟಿನ್‌ನ 'ಸೆರ್ವುಸ್'ಗೆ 'ಗುಲಾಮ' ಸರಿಹೋಗುತ್ತದೆ. ಮೊದಲು 'ಜೀತದಾಳು' ಅಂತ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಜೀತ ಅಂದರೆ ನಮ್ಮಲ್ಲಿ ಸಾಲಕ್ಕಾಗಿ ದುಡಿಯುವುದು, ಅಲ್ವಾ? ಅಂಥದ್ದು ರೋಮ್‌ನಲ್ಲೂ ಇತ್ತು. ಅದಕ್ಕೆ 'ನೆಕ್ಸುಮ್' ಅಂತ ಬೇರೆಯದೇ ಹೆಸರು. ಕ್ರಿ.ಪೂ. 4ನೇ ಶತಮಾನದಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿದರು. ಸೆರ್ವುಸ್‌ಗೆ ತೀರಿಸಲು ಸಾಲವೇ ಇಲ್ಲ, ಅವನು ಮಾರಾಟದ ವಸ್ತು. ರೋಮ್‌ನಲ್ಲಿ ಗುಲಾಮನೊಬ್ಬನ ಕಬ್ಬಿಣದ ಕೊರಳಪಟ್ಟಿ ಸಿಕ್ಕಿದೆ. ಅದರ ಬಿಲ್ಲೆಯ ಮೇಲೆ ಹೀಗೆ ಕೊರೆದಿದ್ದಾರೆ: 'ಓಡಿಹೋಗಿದ್ದೇನೆ, ಹಿಡಿದುಕೋ. ನನ್ನ ಒಡೆಯ ಜೋನಿನುಸ್‌ಗೆ ಒಪ್ಪಿಸಿದರೆ ನಿನಗೊಂದು ಚಿನ್ನದ ನಾಣ್ಯ.' ಒಡೆಯನ ಹೆಸರಿದೆ. ಪಟ್ಟಿ ಹಾಕಿಕೊಂಡವನ ಹೆಸರಿಲ್ಲ. ಅದನ್ನು ಓದಿದ ದಿನ ನನಗೆ ಬೇರೆ ಏನೂ ಬರೆಯಲಾಗಲಿಲ್ಲ.

ತೊಡಕಿರುವುದು 'ಲಿಬೆರ್ಟುಸ್'ನಲ್ಲಿ. ರೋಮ್‌ನ ರಾಜಕಾರಣಿ, ಮಾತುಗಾರ ಸಿಸೆರೊನ ಬರವಣಿಗೆ ಕೆಲಸ ನೋಡಿಕೊಳ್ಳುತ್ತಿದ್ದ ಗುಲಾಮ ಟಿರೊ ಕ್ರಿ.ಪೂ. 53ರಲ್ಲಿ ಬಿಡುಗಡೆಯಾಗಿ ಮಾರ್ಕುಸ್ ಟುಲ್ಲಿಯುಸ್ ಟಿರೊ ಆದ. ಮೊದಲೆರಡು ಹೆಸರು ಒಡೆಯನದೇ. ಕಾನೂನಿನ ಪ್ರಕಾರ ಬಿಡುಗಡೆಯಾದವನು ರೋಮ್‌ನ ಪ್ರಜೆ. ಆಮೇಲೆ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಸ್ವತಂತ್ರರು. ಆದರೂ ಹಳೆಯ ಒಡೆಯನ ಹಂಗು ಹೋಗುತ್ತಿರಲಿಲ್ಲ. ಗೋರಿಗಲ್ಲಿನ ಮೇಲೂ 'ಇಂಥವನ ಲಿಬೆರ್ಟುಸ್' ಅಂತ ಕೆತ್ತಿಸುತ್ತಿದ್ದರು.

'ಬಿಡುಗಡೆಯಾದವನು' ಅಂದರೆ ಜೈಲಿನಿಂದ ಬಂದವನ ಹಾಗೆ ಕೇಳಿಸುತ್ತದೆ. 'ವಿಮುಕ್ತ' ಅನ್ನುವುದು ನಮ್ಮ ಅಲೆಮಾರಿ ಸಮುದಾಯಗಳ ವಿಷಯದಲ್ಲಿ ಈಗಾಗಲೇ ಬಳಕೆಯಲ್ಲಿದೆ. 'ಜೀತದಾಳು' ಜಾಡಿನಲ್ಲೇ 'ಬಿಟ್ಟಾಳು' ಅಂತ ಕಟ್ಟಿ ನೋಡಿದೆ. ಅದು 'ಅವಳು ಬಿಟ್ಟಾಳು' ಅನ್ನುವ ಕ್ರಿಯಾಪದವಾಗಿಬಿಡುತ್ತದೆ.

ಬಿಡುಗಡೆಗೆ ಅವರ ಮಾತು 'ಮನುಮಿಸ್ಸಿಯೊ'. ಬಿಡಿಸಿದರೆ 'ಕೈಯಿಂದ ಬಿಡುವುದು'. ನಮ್ಮ 'ಕೈಬಿಡು' ಪದಕ್ಕೆ ಪದ ಕೂಡುತ್ತದೆ, ಅರ್ಥ ಮಾತ್ರ ತಿರುಗುಮುರುಗು! ಕನ್ನಡದಲ್ಲಿ ಕೈಬಿಟ್ಟರು ಅಂದರೆ ನಡುನೀರಿನಲ್ಲಿ ಬಿಟ್ಟುಹೋದರು ಅಂತ.

ಸದ್ಯಕ್ಕೆ 'ಬಿಡುಗಡೆಯಾಳು' ಅಂತ ಬರೆದಿಟ್ಟಿದ್ದೇನೆ. 'ಸಿಸೆರೊನ ಬಿಡುಗಡೆಯಾಳು ಟಿರೊ' ಅಂದರೆ ಹಂಗೂ ಉಳಿಯುತ್ತದೆ, ಬಿಡುಗಡೆಯೂ ಕಾಣುತ್ತದೆ. ಆದರೆ ಪ್ರಜೆಯಾದವನನ್ನು ಮತ್ತೆ 'ಆಳು' ಅನ್ನಲು ಮನಸ್ಸು ಒಪ್ಪುತ್ತಿಲ್ಲ. ತೊತ್ತನ್ನು ಬಿಡುಗಡೆ ಮಾಡಿದ್ದಕ್ಕೆ ಹಳೆಯ ಶಾಸನದಲ್ಲೋ ನಿಮ್ಮೂರಿನ ಮಾತಿನಲ್ಲೋ ಪದ ಕಂಡಿದ್ದೀರಾ? ಹೆಂಗಸರಿಗೂ ಒಗ್ಗುವ ಪದವಾದರೆ ಇನ್ನೂ ಒಳ್ಳೆಯದು.